ಸೆಲೆಸ್ತ್ ಹೊನ್ನಾವರಕ್ಕೆ ಬಂದದ್ದು

ರಿಂಗಾಸ್ಕಿಡಿ

ಐರ್ಲೆಂಡಿನಿಂದ ವಾಪಸಾದ ಮೇಲೆ ಚಿತ್ರದುರ್ಗದಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು, ಏನೇನು ನೋಡಿಕೊಂಡು ಬಂದಿರಿ ಕಮಲಮ್ಮ ಅಂತ. ಹಸಿರು ಗುಡ್ಡ, ಹಳೇ ಕೋಟೆ ಎಂದು ನಾನು ಶುರುಮಾಡುತ್ತೇನೆಂದು ಕಾದು ನಿಲ್ಲುತ್ತಾರೆ. ನಿಜ ಹೇಳಿದರೆ ಅವರಿಗೆ ನಿರಾಸೆಯಾಗುತ್ತದೆ. ಆ ದೇಶದಲ್ಲಿ ನಾನು ಕಂಡದ್ದು ತಂಗಿಯ ಮಗಳ ಮನೆಯ ಹಿತ್ತಲು, ಪಕ್ಕದ ಮನೆಯ ಬೇಲಿ, ಮತ್ತೆ ವಯಸ್ಸಾದವರು ಇರುವ ಒಂದು ಕಟ್ಟಡದ ಕಿಟಕಿ. ಉಳಿದಂತೆ ನಾನು ಸುತ್ತಾಡಿದ್ದೆಲ್ಲ ಒಂದು ಹಡಗಿನಲ್ಲಿ. ಆ ಹಡಗಂತೂ ನನ್ನ ಮುತ್ತಜ್ಜಿ ಹುಟ್ಟುವ ಮೊದಲೇ ಇಲ್ಲವಾಗಿತ್ತು.

ನಾನು ಹರಿಕಥೆ ಮಾಡುವವಳು. ಚಿಟಿಕೆ ಹಿಡಿದು ನಿಂತರೆ ದುರ್ಗದ ಸುತ್ತಿನ ಹಳ್ಳಿಗಳಲ್ಲಿ ಇವತ್ತಿಗೂ ಜನ ಎದ್ದು ಹೋಗದೆ ಕೂರುತ್ತಾರೆ. ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇದೆ. ಯುಗಾದಿಗೂ ರಾಮನವಮಿಗೂ ಕಥೆ ಮಾಡಬೇಕೆಂದು ಕಾರ್ಕ್ ಕಡೆಯ ಕನ್ನಡದವರು ಸೇರಿ ನನ್ನನ್ನು ಕರೆಸಿಕೊಂಡರು. ಇಳಿದುಕೊಂಡದ್ದು ರಿಂಗಾಸ್ಕಿಡಿಯಲ್ಲಿ, ತಂಗಿಯ ಮಗಳು ವಿನುತಾಳ ಮನೆಯಲ್ಲಿ. ಅವಳ ಗಂಡ ಪ್ರಸಾದನಿಗೆ ಅಲ್ಲಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ. ವಿನುತಾ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನರ್ಸು. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೆ ಹೋಗುವ ಜಾಗ, ಅಲ್ಲಿ ಅದು ಮುದುಕರ ಮನೆ. ಇದು ಗೊತ್ತಿಲ್ಲದೆ ಮೊದಲ ದಿನವೇ, ಇವತ್ತು ಎಷ್ಟು ಕೂಸು ಹುಟ್ಟಿದವು ಎಂದು ಕೇಳಿ ನಗೆಪಾಟಲಾದೆ.

ಕಣ್ಣಿನ ನಿದ್ದೆ ಹೊಸ ಹೊತ್ತಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಸೋಂಕಿಗೆ ಹೆದರಿ ದೇಶವೇ ಬಾಗಿಲು ಹಾಕಿಕೊಂಡಿತು. ಕಥೆಯೂ ಇಲ್ಲ, ವಿಮಾನವೂ ಇಲ್ಲ. ಮನೆಯಿಂದ ಎರಡು ಕಿಲೋಮೀಟರಿನ ಆಚೆ ಯಾರೂ ಕಾಲಿಡುವಂತಿರಲಿಲ್ಲ.

"ದೊಡ್ಡಮ್ಮ, ಫ್ಲೈಟೆಲ್ಲ ಕ್ಯಾನ್ಸಲ್ ಆಗೋಗಿದೆ. ಇದೂ ನಿಮ್ಮ ಮನೇನೇ ಅಲ್ವಾ, ಆರಾಮಾಗಿ ಇದ್ಬಿಡಿ" ಎಂದಳು ವಿನುತಾ.

ಆ ವರ್ಷ ಅಲ್ಲಿಯ ವಸಂತಕ್ಕೆ ಏನಾಗಿತ್ತೋ, ದಿನಾ ಬಿಸಿಲು. ಊರ ತುದಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು, ನಮ್ಮ ಜೋಗಿಮಟ್ಟಿಯ ಮೇಲಿರುವಂಥವೇ. ಬೆಳಿಗ್ಗೆ ಪರದೆ ಸರಿಸಿದಾಗ ಮೊದಲು ದುರ್ಗದಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ಆಮೇಲೆ ಯಂತ್ರಗಳ ಬುಡದಲ್ಲಿ ಸಮುದ್ರ ಕಾಣುತ್ತಿತ್ತು. ಬಂದರಿನಲ್ಲಿ ಜನರಿಲ್ಲದ ದೊಡ್ಡ ಹಡಗೊಂದು ಹಗಲೂ ದೀಪ ಹಚ್ಚಿಕೊಂಡು ನಿಂತಿರುತ್ತಿತ್ತು. ನೀರಿನಾಚೆಯ ಊರಿನಿಂದ ಇಗರ್ಜಿಯ ಗಂಟೆ ತೇಲಿ ಬರುತ್ತಿತ್ತು. ಯಾವುದು ಎಚ್ಚರ, ಯಾವುದು ಜೊಂಪು ಎಂದು ನನಗೆ ಆಗಾಗ ತಿಳಿಯುತ್ತಲೇ ಇರಲಿಲ್ಲ.

ಬ್ರಿಟನಿ

ಅಭ್ಯಾಸ ತಪ್ಪಬಾರದೆಂದು ನಾನು ಹಿತ್ತಲಿನಲ್ಲಿ ನಿಂತು ದಿನಾ ಒಂದಿಷ್ಟು ಕಥೆ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಬೇಲಿಯಾಚೆ ಬಿಳೀ ತಲೆಯೊಂದು ಎದ್ದಿತು. ಪಕ್ಕದ ಮನೆಯ ಡೆನಿಸ್. ಊರಿನ ಕ್ಷೌರದಂಗಡಿ ನಡೆಸಿ ಈಗ ಅದನ್ನು ಮುಚ್ಚಿ ಕೂತಿದ್ದ ಮುದುಕ. ವಯಸ್ಸಾದವರು ಹೊರಗೆ ಬರಲೇಬಾರದು ಎಂಬ ಕಟ್ಟಪ್ಪಣೆ ಇತ್ತು, ಅದನ್ನು ಅವನು ಮಳೆಯ ಮುನ್ಸೂಚನೆಯಷ್ಟೇ ಗಂಭೀರವಾಗಿ ತೆಗೆದುಕೊಂಡಿದ್ದ. ಕ್ಷೌರದಂಗಡಿಗಳೆಲ್ಲ ಮುಚ್ಚಿ ನಮ್ಮ ಪ್ರಸಾದನ ಕೂದಲು ಕಿವಿ ದಾಟಿತ್ತು. ಅದನ್ನು ನೋಡಿದಾಗಲೆಲ್ಲ ಡೆನಿಸನ ಕೈಬೆರಳು ತಮ್ಮಷ್ಟಕ್ಕೆ ಕತ್ತರಿ ಆಡಿಸುತ್ತಿದ್ದವು.

"ಏನು ಕಥೆ ಅದು?" ಎಂದು ಕೇಳಿದ.

ರಾಮ ಸಮುದ್ರಕ್ಕೆ ಸೇತುವೆ ಕಟ್ಟಿಸಿದ ಭಾಗವನ್ನು ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ. ಕೋತಿಗಳು ಕಲ್ಲು ಹೊತ್ತದ್ದು, ಕಲ್ಲು ತೇಲಿದ್ದು, ಎಲ್ಲ. ಅವನು ಗಲ್ಲ ಕೆರೆದುಕೊಂಡು ಕೇಳಿಸಿಕೊಂಡ.

"ಎಲ್ಲ ಗ್ರ್ಯಾಂಡ್. ಆದರೆ ಸೇತುವೆ ಯಾಕೆ? ಯಾರ ಹತ್ತಿರವೂ ಒಂದು ಹಡಗು ಇರಲಿಲ್ಲವಾ?"

ಇಷ್ಟು ವರ್ಷ ಕಥೆ ಮಾಡಿದ್ದೇನೆ, ಯಾವ ಊರಿನಲ್ಲೂ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅಷ್ಟರಲ್ಲಿ ಅವನೇ, "ನನ್ನ ಹತ್ತಿರ ಒಂದಿದೆ" ಎಂದ.

ಅವನ ಹತ್ತಿರ ಇದ್ದದ್ದು ಸೆಲೆಸ್ತ್. ಫ್ರಾನ್ಸಿನ ಬ್ರಿಟನಿ ಎಂಬ ಕಡಲ ಸೀಮೆಯಲ್ಲಿ, ಒಂದು ನದಿಯ ದಡದಲ್ಲಿ ಕಟ್ಟಿದ ಯುದ್ಧನೌಕೆ. ಅದು ಹದಿನೆಂಟನೆಯ ಶತಮಾನ, ಗಾಳಿ ಬೀಸಿದರೆ ಹಡಗು, ಇಲ್ಲದಿದ್ದರೆ ಇಲ್ಲ. ಅವಳ ಪಕ್ಕೆಲುಬಿಗೆ ಬೇಕಾದ ಓಕ್ ಮರಗಳನ್ನು ಬಡಗಿಗಳು ಕಾಡಿನಲ್ಲಿ ಮೊದಲೇ ಗುರುತು ಹಾಕಿ ಬರುತ್ತಿದ್ದರಂತೆ. ನೆಟ್ಟಗೆ ಬೆಳೆದ ಮರ ಯಾರಿಗೂ ಬೇಡ, ಗಾಳಿಗೆ ಬಾಗಿ ಬೆಳೆದದ್ದೇ ಬೇಕು. ಹಳಿಗೆ ದನದ ಕೊಬ್ಬು ಬಳಿದು, ಬೆಣೆಗಳನ್ನು ಬಡಿದು ತೆಗೆದಾಗ ಅವಳು ಮೊದಲು ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ಹಿಂದುಮುಂದಾಗಿ ನೀರಿಗೆ ಜಾರಿದಳಂತೆ. ಹಡಗನ್ನು ಅವಳು ಎಂದು ಕರೆಯುವುದು ಅಲ್ಲಿಯ ರೂಢಿ. ಕೇಳಿ ಕೇಳಿ ನನಗೂ ಹಾಗೆಯೇ ಬಾಯಿಗೆ ಬರುತ್ತದೆ.

ನಿಜಕ್ಕೂ ಅಂಥದೊಂದು ಹಡಗು ಇತ್ತೋ, ಹಲವು ಹಡಗು ಸೇರಿ ಅವನ ಬಾಯಲ್ಲಿ ಒಂದಾಗಿದ್ದವೋ ನನಗೆ ಗೊತ್ತಿಲ್ಲ. ಅಂಗಡಿ ಇದ್ದಾಗ ಒಂದು ಕ್ಷೌರಕ್ಕೆ ಒಂದು ಕಂತು ಎಂದು ಅವನು ಈ ಕಥೆ ಹೇಳುತ್ತಿದ್ದನಂತೆ. ಹೆಂಡತಿ ನೋರಾ ಗಲ್ಲಾದಲ್ಲಿ ಕೂತು ಎಲ್ಲ ಕಂತನ್ನೂ ಕೇಳಿದವಳು. ಈಗ ನೋರಾ ವಿನುತಾಳ ನರ್ಸಿಂಗ್ ಹೋಮಿನಲ್ಲಿದ್ದಳು. ಅವಳ ನೆನಪು ಹಳೆಯ ಸೀರೆಯಂತೆ ಅಲ್ಲಲ್ಲಿ ಪಿಸಿದು ಹೋಗಿತ್ತು. ಯಾವ ವರ್ಷ, ಯಾವ ಊರು ಎಂದರೆ ಹೇಳಲಾರಳು, ಸೆಲೆಸ್ತ್ ಮಾತ್ರ ಅಚ್ಚಳಿಯದೆ ಇದ್ದಳು. ಒಳಗೆ ಯಾರನ್ನೂ ಬಿಡದ ಕಾಲವಾದ್ದರಿಂದ ಡೆನಿಸ್ ದಿನಾ ಮಧ್ಯಾಹ್ನ ಅವಳ ಕಿಟಕಿಯ ಹೊರಗೆ ನಿಂತು ಫೋನಿನಲ್ಲಿ ಒಂದು ಕಂತು ಹೇಳುತ್ತಿದ್ದ. ಕೇಳುತ್ತಾ ಕೇಳುತ್ತಾ ಅವಳು ಊಟ ಮಾಡುತ್ತಿದ್ದಳು. ಅವನು ಹೋಗದ ದಿನ ಚಮಚ ಮುಟ್ಟುತ್ತಿರಲಿಲ್ಲ.

ಕಿನ್ಸೇಲಿನ ಹೊರಗೆ, ಮಂಜಿನಲ್ಲಿ

ಆಮೇಲೆ ದಿನಾ ಸಂಜೆ ನಾವು ಬೇಲಿಯ ಆಚೆಗೊಬ್ಬರು ಈಚೆಗೊಬ್ಬರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ನಾನು ಹನುಮಂತನನ್ನು ಹಾರಿಸಿದರೆ ಅವನು ಸೆಲೆಸ್ತಳನ್ನು ತೇಲಿಸುತ್ತಿದ್ದ. ಯಾರ ಕಥೆ ಮೇಲು ಎಂದು ಒಳಗೊಳಗೇ ಪೈಪೋಟಿ ಇತ್ತು, ಇಬ್ಬರೂ ಒಪ್ಪಿಕೊಳ್ಳಲಿಲ್ಲ ಅಷ್ಟೆ. ಅಲ್ಲಿ ಸಂಜೆ ಎಂಬುದು ಮುಗಿಯುವುದೇ ಇಲ್ಲ. ನಮ್ಮಲ್ಲಿ ಊಟ ಮಾಡಿ ಮಲಗುವ ಹೊತ್ತಿಗೂ ಅಲ್ಲಿ ಬೇಲಿಯ ಮುಳ್ಳುಗಿಡದ ಹಳದಿ ಹೂವಿನ ಮೇಲೆ ಬೆಳಕು ಇರುತ್ತಿತ್ತು. ಆ ಬೆಳಕಿನಲ್ಲಿ ಕೂತು ಕೇಳಿದರೆ ಯಾವ ಹಡಗಾದರೂ ಕಣ್ಣಿಗೆ ಕಟ್ಟುತ್ತದೆ.

ಕೆಲವು ವರ್ಷ ಫ್ರೆಂಚರ ಕೆಲಸ ಮಾಡಿದ ಸೆಲೆಸ್ತ್ ಒಂದು ಬೆಳಿಗ್ಗೆ ಅಲ್ಲೇ ಹತ್ತಿರದ ಕಿನ್ಸೇಲ್ ಎಂಬ ಬಂದರಿನ ಹೊರಗಿನ ಮಂಜಿನಲ್ಲಿ ದಿಕ್ಕು ತಪ್ಪಿದಳು. ಮಂಜು ಹರಿದಾಗ ಎರಡು ಇಂಗ್ಲಿಷ್ ಹಡಗುಗಳ ನಡುವೆ ನಿಂತಿದ್ದಳು. ರಕ್ತದಲ್ಲಿ ಕಾಲು ಜಾರದಿರಲಿ ಎಂದು ಹಡಗಿನ ಹಲಗೆ ನೆಲದ ಮೇಲೆ ಮರಳು ಚೆಲ್ಲಿದರು. ಹೊಡೆದಾಟ ನಡೆಯಿತು, ಹಾಯಿಕಂಬ ಮುರಿಯಿತು, ಬಾವುಟ ಇಳಿಯಿತು. ಗೆದ್ದವರು ಅವಳನ್ನು ಮುಳುಗಿಸಲಿಲ್ಲ. ರಿಪೇರಿ ಮಾಡಿ, ಬೇರೆ ಹೆಸರಿಟ್ಟು, ತಮ್ಮ ನೌಕಾಪಡೆಗೆ ಸೇರಿಸಿಕೊಂಡರು.

"ಏನು ಹೆಸರಿಟ್ಟರು?" ಎಂದೆ.

"ಏನೋ ಇಟ್ಟರು. ಅದು ನನ್ನ ಬಾಯಿಗೆ ಬರೋದಿಲ್ಲ" ಎಂದು ಡೆನಿಸ್ ಬೇಲಿಯಾಚೆ ಉಗುಳಿದ.

ನನ್ನಜ್ಜಿಯ ಮದುವೆಯ ದಿನ ಅವಳ ಹೆಸರು ಬದಲಾಯಿಸಿದ್ದು ನೆನಪಿಗೆ ಬಂತು. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಕೈಯಿಂದ ಹೊಸ ಹೆಸರು ಬರೆಸಿದ್ದರಂತೆ. ತವರಿನವರು ಮಾತ್ರ ಕೊನೆಯವರೆಗೂ ಹಳೇ ಹೆಸರನ್ನೇ ಕೂಗಿದರು. ಅದನ್ನು ಹೇಳಿದಾಗ ಡೆನಿಸ್, ನಾಳೆ ನೋರಾಗೆ ಇದನ್ನು ಹೇಳಬೇಕು ಎಂದ.

ಒಂದು ಸಂಜೆ ನಾನು ಅವನನ್ನು ಕೇಳಿದೆ, ಈ ಕಥೆಯ ಮಂಗಳ ಎಲ್ಲಿ ಎಂದು. ಮಂಗಳ ಎಂದರೇನೆಂದು ಬಿಡಿಸಿ ಹೇಳಿದೆ. ಕಥೆ ಹಿಡಿದವರು ಅದನ್ನು ದಡ ಮುಟ್ಟಿಸಿ, ಆರತಿ ಎತ್ತಿ, ಕೇಳಿದವರಿಗೆಲ್ಲ ಒಳ್ಳೆಯದಾಗಲಿ ಎಂದು ಹಾಡದೆ ಏಳುವಂತಿಲ್ಲ. ಅರ್ಧಕ್ಕೆ ಬಿಟ್ಟರೆ ಹೇಳಿದವರಿಗೂ ಕೇಳಿದವರಿಗೂ ಕೇಡು ಎಂದು ನನ್ನ ಗುರುಗಳು ಮೊದಲ ಪಾಠದಲ್ಲೇ ಕಲಿಸಿದ್ದರು.

ಡೆನಿಸ್ ನಕ್ಕ. "ನಾನು ಕ್ಷೌರಿಕ ಮಿಸೆಸ್ ಕಮಲ. ಕಥೆ ಮುಗಿಸಿದರೆ ಗಿರಾಕಿ ಇನ್ನೊಂದು ಅಂಗಡಿಗೆ ಹೋಗ್ತಾನೆ. ಸೆಲೆಸ್ತಳನ್ನ, ಅವಳ ಪಯಣ ಮುಗಿಸಿ, ನಾನು ಬಂದರಿನ ಒಳಗೆ ತಂದೇ ಇಲ್ಲ. ಯಾವಾಗಲೂ ಅವಳು ಸಮುದ್ರದ ಮೇಲೆ ಇರ್ತಾಳೆ."

ಒಳ್ಳೆಯ ಕಥೆಗಾರ, ಆದರೆ ಸಂಪ್ರದಾಯವಿಲ್ಲ ಎಂದುಕೊಂಡೆ.

ಹಳದಿ ಬಾವುಟ

ಇಂಗ್ಲಿಷರ ಕೈ ಸೇರಿದ ಸೆಲೆಸ್ತ್ ಕಾರ್ಕ್ ಬಂದರಿಗೇ ಬಂದು ಹೋಗುತ್ತಿದ್ದಳು. ಉಪ್ಪು ಹಾಕಿದ ಮಾಂಸ, ಬೆಣ್ಣೆಯ ಪೀಪಾಯಿ ತುಂಬಿಕೊಂಡ ಸಾಮಾನು ಹಡಗುಗಳನ್ನು ಕಾಯುವುದು ಅವಳ ಕೆಲಸ. ಒಂದು ಸಲ ಅವಳ ಮೇಲೆ ಜ್ವರ ಹಬ್ಬಿತು. ಹಳದಿ ಬಾವುಟ ಏರಿಸಿ ದೂರದಲ್ಲೇ ಲಂಗರು ಹಾಕಿಸಿದರು. ಯಾರೂ ಇಳಿಯುವಂತಿಲ್ಲ, ಯಾರೂ ಹತ್ತುವಂತಿಲ್ಲ. ನಾವಿಕರ ಹೆಂಡಂದಿರು ದೋಣಿ ಮಾಡಿಕೊಂಡು ಬಂದು ಹಡಗಿನ ಸುತ್ತ ನಿಂತು, ಗಂಡಂದಿರ ಹೆಸರು ಹಿಡಿದು ಕೂಗುತ್ತಿದ್ದರಂತೆ. ಓ ಎಂದು ಉತ್ತರ ಬಂದರೆ ಜೀವ ಇದೆ ಎಂದು ಲೆಕ್ಕ. ನೋರಾಗೆ ಈ ಕಂತು ಎಂದರೆ ಪ್ರಾಣ, ಮತ್ತೆ ಮತ್ತೆ ಹೇಳಿಸುತ್ತಿದ್ದಳು.

ಅದನ್ನು ನನಗೆ ಹೇಳಿದ ದಿನ ಡೆನಿಸ್ ನಡುನಡುವೆ ಕೆಮ್ಮಿದ. ಮರುದಿನ ಅವನ ಕುರ್ಚಿ ಖಾಲಿ ಇತ್ತು. ಅದರ ಮರುದಿನ ಆಂಬುಲೆನ್ಸ್ ಬಂತು. ಮೈತುಂಬ ಪ್ಲಾಸ್ಟಿಕ್ ಉಟ್ಟವರು ಅವನನ್ನು ಮೆಲ್ಲಗೆ ನಡೆಸಿಕೊಂಡು ಹೋಗುವಾಗ ಅವನು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ, ಉಸಿರು ಸಾಲಲಿಲ್ಲ. ನನಗೆ ಹೆದರಿಕೆಯಾಯಿತು. ಅವನಿಗಾಗಿ ಹೆದರಿದೆನೋ, ನನಗಾಗಿಯೋ, ಆ ಗಳಿಗೆಯಲ್ಲಿ ಬೇರೆ ಮಾಡಿ ನೋಡಲು ಆಗಲಿಲ್ಲ.

ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿ ನಿದ್ದೆ ಬರಿಸಿದರೆಂದು ತಿಳಿಯಿತು. ಇತ್ತ ನೋರಾ ಊಟ ಬಿಟ್ಟಳು. ಚಮಚ ತುಟಿಗೆ ತಂದರೆ ಮುಖ ತಿರುಗಿಸಿ ಕಿಟಕಿ ನೋಡುತ್ತಿದ್ದಳು. ವಿನುತಾ ಕೆಲಸ ಮುಗಿಸಿ ಬಂದು ಬೂಟನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಡೆನಿಸ್‌ಗೆ ಹುಷಾರಿಲ್ಲ, ಬರ್ತಾರೆ ಅಂತ ಹೇಳ್ತೀನಿ. ಒಂದು ನಿಮಿಷಕ್ಕೆ ಮರೀತಾರೆ. ಹೀಗೇ ಆದ್ರೆ ಅವ್ರು ಬರೋವರ್ಗೂ ನೋರಾ ಉಳಿಯಲ್ಲ ದೊಡ್ಡಮ್ಮ. ಆ ಹಡಗಿನ ಕಥೆ ನಿಮ್ಗೆ ಬರುತ್ತಲ್ವಾ? ನೀವೇ ಹೋಗಿ."

ಹೋದೆ. ಸ್ವೆಟರಿನ ಮೇಲೆ ರೇಷ್ಮೆ ಸೀರೆ, ತಲೆಗೆ ಉಣ್ಣೆಯ ಟೊಪ್ಪಿ, ಕೈಯಲ್ಲಿ ಚಿಟಿಕೆ. ನೋರಾ ಸಣ್ಣ ಜೀವ, ಕಣ್ಣು ಮಾತ್ರ ಚುರುಕು. ಗಾಜಿನಾಚೆ ವಿನುತಾ ಅವಳ ಕಿವಿಗೆ ಫೋನು ಹಿಡಿದಳು. ನೀವು ಯಾರು ಎಂದು ಕೇಳಿದಳು ನೋರಾ.

"ಡೆನಿಸ್ ಕಳಿಸಿದ್ದಾರೆ. ಅವರು ಬರುವವರೆಗೆ ನಾನು" ಎಂದೆ.

ಹೆಂಡಂದಿರ ದೋಣಿಗಳಿಂದ ಶುರುಮಾಡಿದೆ. ಇಂಗ್ಲಿಷ್ ಸಾಲದ ಕಡೆ ಕೈ ಇತ್ತು, ಕಣ್ಣಿತ್ತು, ಕನ್ನಡವಿತ್ತು. ಅಲೆಗೆ ಚಿಟಿಕೆ, ತೋಪಿಗೆ ಕಾಲ ಹೊಡೆತ. ಹೆಸರು ಕೂಗುವುದನ್ನು ಹಾಡಿಯೇ ಬಿಟ್ಟೆ. ಅತ್ತಿತ್ತಲಿನ ಕಿಟಕಿಗಳಲ್ಲೂ ಮುಖಗಳು ಮೂಡಿದವು. ನೋರಾ ಬಾಯಿ ತೆರೆದು ನೋಡುತ್ತಿದ್ದಳು. ಆ ಬಾಯಿಗೆ ವಿನುತಾ ಸೂಪು ಹಾಕಿದಳು, ಅವಳು ನುಂಗಿದಳು.

ಹಾಗೆ ದಿನಗಳು ಹೋದವು. ನನಗೆ ಹಡಗಿನ ಹುಚ್ಚು ಹಿಡಿಯಿತು. ನಿದ್ದೆಯಲ್ಲಿ ಮಂಚ ತೂಗುತ್ತಿತ್ತು. ಬೆಳಗಿನ ಮಂಜಿನಲ್ಲಿ ಬಂದರಿನ ಕಡೆ ನಡೆದರೆ ಕ್ರೇನುಗಳೆಲ್ಲ ಹಾಯಿಕಂಬಗಳಾಗಿ ಕಾಣುತ್ತಿದ್ದವು. ಸಮುದ್ರವನ್ನು ಸರಿಯಾಗಿ ನೋಡಿರದ ಬಯಲುಸೀಮೆಯ ಹೆಂಗಸು ನಾನು, ಊಟಕ್ಕೆ ಕೂತಾಗಲೂ ಗಾಳಿ ಯಾವ ಕಡೆಯದು ಎಂದು ನೋಡತೊಡಗಿದೆ.

ಕೆಸರು

ಆಗ ಡಬ್ಲಿನ್ನಿನಿಂದ ಬೆಂಗಳೂರಿಗೆ ಒಂದು ವಿಶೇಷ ವಿಮಾನ ಹೊರಡುತ್ತದೆಂದು ಸುದ್ದಿ ಬಂತು. ಪ್ರಸಾದ ಎಲ್ಲೆಲ್ಲೋ ಫೋನು ಮಾಡಿ ನನಗೊಂದು ಸೀಟು ಹಿಡಿದ. ನನಗೆ ಕುಣಿಯುವಷ್ಟು ಸಂತೋಷ. ನನ್ನ ಅಡುಗೆಮನೆ, ನನ್ನ ಬಿಸಿಲು, ಫಿಲ್ಟರಿನಲ್ಲಿ ಇಳಿಯುವ ಕಾಫಿ. ನೋರಾಗೆ ಮುಂದಿನ ಕಂತುಗಳನ್ನು ವಿನುತಾಳೇ ಹೇಗೋ ಹೇಳಿಯಾಳು ಎಂದು ಮನಸ್ಸನ್ನು ಸಮಾಧಾನ ಮಾಡಿಕೊಂಡೆ. ಆದರೆ ಹಿಡಿದ ಕಥೆಯನ್ನು ಅರ್ಧಕ್ಕೆ ಬಿಟ್ಟು ವಿಮಾನ ಹತ್ತುವುದು ಹೇಗೆ? ಗುರುಗಳ ಮುಖ ಕಣ್ಣೆದುರು ಬಂತು. ಡೆನಿಸ್ ಇಷ್ಟು ವರ್ಷ ಮಾಡದೆ ಬಿಟ್ಟದ್ದನ್ನು ನಾನು ಸರಿಮಾಡಿಯೇ ಹೋಗುತ್ತೇನೆ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಹೊರಡುವ ಹಿಂದಿನ ಮಧ್ಯಾಹ್ನ ಸೆಲೆಸ್ತಳನ್ನು ಒಳಗೆ ತಂದೆ. ವಯಸ್ಸಾದ ಹಡಗು, ಹಾಯಿ ಹರಿದಿದೆ, ಮರಕ್ಕೆ ಹುಳ ಹಿಡಿದಿದೆ. ಇದೇ ಬಂದರಿಗೆ ತೆವಳಿಕೊಂಡು ಬಂದು ಕೆಸರಿನ ಮೇಲೆ ಮಲಗಿದಳು. ಊರವರು ಅವಳ ಮರವನ್ನು ಬಿಚ್ಚಿದರು, ಆದರೆ ಒಂದು ಹಲಗೆಯೂ ಹಾಳಾಗಲಿಲ್ಲ. ತೊಲೆಯಾಗಿ, ಬಾಗಿಲಾಗಿ, ತೊಟ್ಟಿಲಾಗಿ ಮನೆಮನೆ ಸೇರಿದಳು. ಹೇಳುತ್ತಾ ನನ್ನ ಕಣ್ಣಲ್ಲೇ ನೀರು ಬಂತು. ಕಿಟಕಿಯ ಕಟ್ಟೆಯ ಮೇಲೆ ದೀಪ ಹಚ್ಚಿದೆ, ಗಾಳಿ ಅದನ್ನು ಆರಿಸಿತು. ಫೋನಿನ ಬೆಳಕನ್ನೇ ಆರತಿಯ ಹಾಗೆ ಸುತ್ತಿ, ಗಂಟಲು ಬಿಚ್ಚಿ ಮಂಗಳ ಹಾಡಿದೆ. ಉಳಿದ ಕಿಟಕಿಗಳವರು ಚಪ್ಪಾಳೆ ತಟ್ಟಿದರು. ದುರ್ಗದಲ್ಲೂ ಅಂಥ ಮಂಗಳ ನನ್ನಿಂದ ಬಂದಿರಲಿಲ್ಲ.

ನೋರಾ ಚಪ್ಪಾಳೆ ತಟ್ಟಲಿಲ್ಲ. ಕೈಯಲ್ಲಿದ್ದ ಚಮಚವನ್ನು ತಟ್ಟೆಯ ಪಕ್ಕ ಇಟ್ಟಳು.

"ಒಳಗೆ ಬಂದುಬಿಟ್ಟಳಾ?" ಎಂದಳು.

"ಬಂದಳು ನೋರಾ. ಸುಖವಾಗಿ ಬಂದಳು."

ಅವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಸಂಜೆ ನಾನು ಪೆಟ್ಟಿಗೆ ಕಟ್ಟುತ್ತಿರುವಾಗ ವಿನುತಾ ಬಂದಳು. ಅವಳ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿಯಿತು.

"ಡೆನಿಸ್ ಹೋಗ್ಬಿಟ್ರು ಅಂತ ತಿಳ್ಕೊಂಡಿದಾರೆ. ಕಪ್ಪು ಕಾರ್ಡಿಗನ್ ಕೇಳಿ ಹಾಕ್ಕೊಂಡ್ರು. ಜಪಮಾಲೆ ಹಿಡ್ಕೊಂಡು ಕೂತಿದಾರೆ. ಇಲ್ಲ ನೋರಾ, ಬದುಕಿದಾರೆ, ನಿಜವಾಗ್ಲೂ ಬದುಕಿದಾರೆ ಅಂದ್ರೆ ಕೇಳಲ್ಲ. ಅವ್ನು ಉಸಿರಿರೋವರ್ಗೂ ಸೆಲೆಸ್ತಳನ್ನ ಒಳಗೆ ತರ್ತಿರ್ಲಿಲ್ಲ ಅಂತಾರೆ. ಊಟ ಹೋಗ್ಲಿ, ನೀರು ಕೂಡ ಬೇಡ್ವಂತೆ."

ಎಲ್ಲವನ್ನೂ ಮರೆಯುವ ನೋರಾ ಇದೊಂದನ್ನು ಮರೆಯಲಿಲ್ಲ. ನನ್ನ ಮಂಗಳ ಅವಳ ಮನೆಗೆ ಸಾವಿನ ಸುದ್ದಿಯಾಗಿ ಹೋಗಿತ್ತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ನೀವು ಬೇಕಂತ ಮಾಡಿದ್ದಲ್ಲ. ಬೆಳಿಗ್ಗೆ ಬೇಗ ಬಸ್ಸಿದೆ, ಹೊರಡಿ. ಈ ಸೀಟು ಬಿಟ್ರೆ ಇನ್ನೊಂದು ಯಾವಾಗ ಸಿಗುತ್ತೋ ಏನೋ" ಎಂದಳು ವಿನುತಾ.

ಕಟ್ಟಿದ ಪೆಟ್ಟಿಗೆಯ ಪಕ್ಕದಲ್ಲೇ ಮಲಗಿದೆ. ಬೆಳಿಗ್ಗೆ ಪ್ರಸಾದ ನನ್ನನ್ನು ಬಸ್ಸಿಗೆ ಬಿಡಲು ಕಾರಿನ ಬೀಗದ ಕೈ ಹಿಡಿದು ನಿಂತಾಗ, ಆ ಸೀಟನ್ನು ಬೇರೆ ಯಾರಿಗಾದರೂ ಕೊಡಿಸಪ್ಪ ಎಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಾನು ಚೆನ್ನಾಗಿ ಅತ್ತೆ.

ಹೊನ್ನಾವರ

ಆ ದಿನ ಸೀರೆ ರೇಷ್ಮೆಯದಲ್ಲ, ಚಿಟಿಕೆಯನ್ನೂ ಒಯ್ಯಲಿಲ್ಲ. ನೋರಾ ಗೋಡೆಗೆ ಮುಖ ಮಾಡಿ ಕೂತಿದ್ದಳು. ಫೋನು ಬೇಡವೆಂದಳು. ವಿನುತಾ ಅದನ್ನು ಸ್ಪೀಕರಿಗೆ ಹಾಕಿ ಅವಳ ಮಡಿಲಲ್ಲಿ ಇಟ್ಟಳು.

ಮಂಗಳ ಹಾಡಿದ ಕಥೆಯನ್ನು ಮತ್ತೆ ತೆರೆಯುವಂತಿಲ್ಲ. ಇದು ನಮ್ಮಲ್ಲಿ ಕಲ್ಲಿನಲ್ಲಿ ಬರೆದ ಮಾತು. ನನ್ನ ಜೀವಮಾನದಲ್ಲಿ ನಾನು ಅದನ್ನು ಮೀರಿರಲಿಲ್ಲ.

"ನೋರಾ, ನಿನ್ನೆ ನಾನು ಹೇಳಿದ್ದು ಸುಳ್ಳು. ನಾನು ಬಂಡೆಗಳ ಊರಿನವಳು. ನನಗೆ ಹಡಗಿನ ತಲೆಯೂ ಗೊತ್ತಿಲ್ಲ, ಬಾಲವೂ ಗೊತ್ತಿಲ್ಲ. ಊರಿಗೆ ಹೋಗುವ ಆತುರಕ್ಕೆ ಕಥೆ ಮುಗಿಸಿದೆ. ಸೆಲೆಸ್ತ್ ಒಳಗೆ ಬಂದಿಲ್ಲ. ಅವಳನ್ನ ತರುವ ಹಕ್ಕು ನನಗಿಲ್ಲ, ಡೆನಿಸ್‌ಗೆ ಮಾತ್ರ ಇದೆ. ಡೆನಿಸ್ ತಂದಿಲ್ಲ."

ಗೋಡೆಯ ಕಡೆಯಿಂದ ದನಿ ಬಂತು. "ಹಾಗಾದರೆ ಈಗ ಎಲ್ಲಿದ್ದಾಳೆ?"

ನನಗೆ ಗೊತ್ತಿದ್ದ ಸಮುದ್ರದ ಊರು ಒಂದೇ. ಒಮ್ಮೆ ಕಥೆ ಮಾಡಲು ಹೋಗಿದ್ದೆ.

"ಹೊನ್ನಾವರದಲ್ಲಿ" ಎಂದೆ.

"ಅದೆಲ್ಲಿ?"

"ನಮ್ಮ ಕಡೆ. ಮೆಣಸಿನ ಹಡಗುಗಳನ್ನು ಕಾಯಲು ಹೋದಳು. ಶರಾವತಿ ಎಂಬ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನಿಂತಿದ್ದಾಳೆ."

"ಯಾಕೆ ಬರುತ್ತಿಲ್ಲ?"

"ಮಳೆ."

ಕುರ್ಚಿ ಅರ್ಧ ತಿರುಗಿತು. "ಮಳೆಯಾ? ಮಳೆಗೆ ಯಾರಾದರೂ ನಿಲ್ಲುತ್ತಾರಾ? 'ಲವ್ಲಿ ಸಾಫ್ಟ್ ಡೇ', ಎಷ್ಟು ಹಿತವಾದ ತುಂತುರು ದಿನ ಅಂದುಕೊಂಡು ಹೊರಡಬೇಕು."

"ನಿಮ್ಮದು ಮಳೆಯೇ ಅಲ್ಲ ನೋರಾ, ಯಾರೋ ಒದ್ದೆ ಟವೆಲು ಕೊಡವಿದ ಹಾಗೆ. ಅಲ್ಲಿಯ ಮಳೆಗೆ ಎದುರಿನವರ ಮುಖ ಕಾಣುವುದಿಲ್ಲ. ಸಮುದ್ರ ಎದ್ದು ಕೂರುತ್ತದೆ. ಮಳೆಗಾಲ ಶುರುವಾದರೆ ಯಾವ ಹಡಗೂ ಹೊರಡುವಂತಿಲ್ಲ. ಅದು ಮುಗಿಯುವವರೆಗೆ ಕಾಯಲೇಬೇಕು."

ನೋರಾ ಪೂರ್ತಿ ತಿರುಗಿ ಕೂತು ನನ್ನನ್ನು ದಿಟ್ಟಿಸಿದಳು. ಕಪ್ಪು ಕಾರ್ಡಿಗನ್ನಿನ ಮೇಲಿನ ಗುಂಡಿ ಬಿಚ್ಚಿದಳು. "ಹಡಗಿನವರು ಏನು ತಿನ್ನುತ್ತಾರೆ ಅಲ್ಲಿ?" ಎಂದಳು.

"ಮೀನು ಸಾರು, ಅನ್ನ. ಖಾರಕ್ಕೆ ಕಣ್ಣಲ್ಲಿ ನೀರು ಹಾಕಿಕೊಂಡು ತಿನ್ನುತ್ತಾರೆ."

ಅವಳು ನಕ್ಕಳು. ವಿನುತಾ ಸೂಪಿನ ಬಟ್ಟಲು ತಂದಳು.

ಆಮೇಲಿನ ದಿನಗಳನ್ನು ನಾನು ರಿಂಗಾಸ್ಕಿಡಿಯಲ್ಲಿ ಕಳೆದೆನೋ ಹೊನ್ನಾವರದಲ್ಲೋ ಹೇಳಲಾರೆ. ಅಳಿವೆಯಲ್ಲಿ ಸೆಲೆಸ್ತ್ ನೆನೆಯುತ್ತಾ ನಿಂತಿರುತ್ತಿದ್ದಳು. ತೋಪುಗಳ ಬಾಯಿಗೆ ಬಟ್ಟೆ ತುರುಕಿ ನಾವಿಕರು ಹಾಯಿ ಹೊಲಿಯುತ್ತಿದ್ದರು. ಪಾತಿ ದೋಣಿಯಲ್ಲಿ ಹೆಂಗಸರು ಅಬ್ಬಲಿಗೆ ಹೂವಿನ ದಂಡೆ ತಂದು ಮಾರಿದರೆ, ತಲೆಗೆ ಮುಡಿಯಲು ಯಾರೂ ಇಲ್ಲದ ಆ ಗಂಡಸರು ಅದನ್ನು ಕೊಂಡು ಹಗ್ಗಕ್ಕೆ ಕಟ್ಟುತ್ತಿದ್ದರು. ಯುದ್ಧ ಮಾಡಲು ಬಂದ ಹಡಗು ಯುದ್ಧವನ್ನೇ ಮರೆಯಿತು. ರಿಂಗಾಸ್ಕಿಡಿಯಲ್ಲಿ ಬಿಸಿಲು ಕಾದಷ್ಟೂ ನಾನು ಅಲ್ಲಿ ಮಳೆ ಸುರಿಸಿದೆ. ಮಳೆ ನಿಂತಿತಾ ಎಂದು ನೋರಾ ದಿನಾ ಕೇಳುತ್ತಿದ್ದಳು. ನಾನು ಮನೆಗೆ ಹೋಗಿ ವಿನುತಾಳ ಮುಖ ನೋಡುತ್ತಿದ್ದೆ, ಅವಳು ಆಸ್ಪತ್ರೆಗೆ ಫೋನು ಮಾಡುತ್ತಿದ್ದಳು. ಡೆನಿಸ್ ಹಾಗೇ ಇದ್ದಾರಂತೆ ಎಂದರೆ ಮರುದಿನವೂ ಮಳೆ.

ಕಿಟಕಿಯ ಹೊರಗೆ

ಡೆನಿಸ್ ಬದುಕಿದ. ಕೊಳವೆ ತೆಗೆದರು, ನಡೆಯಲು ಮತ್ತೆ ಕಲಿಸಿದರು, ಒಂದು ದಿನ ಮನೆಗೂ ಬಂದ. ಪ್ಯಾಂಟಿನೊಳಗೆ ಇನ್ನೊಬ್ಬ ಡೆನಿಸ್ ಹಿಡಿಯುವಷ್ಟು ಸೊರಗಿದ್ದ. ಕ್ಷೌರಿಕನ ಕೂದಲು ಕುತ್ತಿಗೆಯ ಮೇಲೆ ಇಳಿಬಿದ್ದಿತ್ತು. ದನಿ ಹೋಗಿತ್ತು, ಬಾಯಿ ತೆರೆದರೆ ಬರೀ ಗಾಳಿ. ನಾಲಿಗೆಗೆ ರುಚಿಯೂ ಇರಲಿಲ್ಲ. ಬೇಲಿಯ ಮೇಲಿಂದ ನಾನು ದಾಟಿಸಿದ ತಿಳಿಸಾರನ್ನು ಹಾಗೇ ವಾಪಸು ಕಳಿಸುತ್ತಿದ್ದ. ಇಷ್ಟು ದೂರ ಬಂದವರು ಊಟ ಬಿಟ್ಟು ಸೋಲಬಾರದು ಎಂದು ವಿನುತಾ ಅವನನ್ನು ಗದರಿದಳು. ಅವನು ಕೈ ಮುಗಿದು ತಲೆ ಅಲ್ಲಾಡಿಸಿದ.

ಒಳಗೆ ಬಿಡುವ ಅನುಮತಿ ಇನ್ನೂ ಇರಲಿಲ್ಲ. ಕಿಟಕಿಯ ಹೊರಗೆ ಹುಲ್ಲಿನ ಮೇಲೆ ಕುರ್ಚಿ ಹಾಕಿ ಅವನನ್ನು ಕೂರಿಸಿದೆವು. ತೊಡೆಯ ಮೇಲೆ ನಾನು ಒಂದು ಬಟ್ಟಲು ಸಾರನ್ನ ಇಟ್ಟೆ, ಒಂದು ತುತ್ತಾದರೂ ಹೋದೀತೆಂಬ ಆಸೆಗೆ. ನೋರಾ ಗಾಜಿನ ಹತ್ತಿರ ಬಂದು ಅವನನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಯಾರಿದ್ದಾರೆ ಎಂದು ಅವಳಿಗೆ ಗೊತ್ತಾಗುತ್ತದೆಯೇ ಎಂದು ನಾನು ಅವಳ ಮುಖವನ್ನೇ ನೋಡಿದೆ.

"ತಡ ಮಾಡಿದೆ" ಎಂದಳು ಅವನಿಗೆ.

ಡೆನಿಸ್ ಫೋನು ತೆಗೆದುಕೊಂಡು ಮಾತಾಡಲು ನೋಡಿದ. ಗಾಳಿ ಬಿಟ್ಟು ಬೇರೇನೂ ಹೊರಡಲಿಲ್ಲ. ಇನ್ನೊಮ್ಮೆ ನೋಡಿದ. ಕಣ್ಣು ತುಂಬಿ ಬಂದು, ಫೋನನ್ನು ನನ್ನ ಕಡೆ ಚಾಚಿದ, ನೀವೇ ಹೇಳಿ ಎಂದು ಸನ್ನೆ ಮಾಡಿದ.

ನಾನು ಗಂಟಲು ಸರಿಮಾಡಿಕೊಂಡೆ.

"ನೀವು ಸುಮ್ಮನಿರಿ ಕಮಲ" ಎಂದಳು ನೋರಾ. "ಪಾಪ, ಅವನಿಗೆ ಎಲ್ಲಿಂದ ತಪ್ಪಿಹೋಯಿತು ಅಂತ ನನಗೆ ಗೊತ್ತು. ಫೋನು ಅವನ ಕಿವಿಗೆ ಹಿಡಿಯಿರಿ."

ಹಿಡಿದೆ. ಗಲ್ಲಾದ ಹಿಂದೆ ಕೂತು ಒಂದು ಜೀವಮಾನ ಕೇಳಿದ ಹೆಂಗಸು ಮೊದಲ ಬಾರಿಗೆ ತಾನೇ ಹೇಳತೊಡಗಿದಳು. ಹಳದಿ ಬಾವುಟ ಇಳಿಯಿತು. ಸೆಲೆಸ್ತ್ ಪೂರ್ವಕ್ಕೆ ಹೊರಟಳು. ಅವಳ ಹೇಳುವಿಕೆಯಲ್ಲಿ ಕಂಬಗಳ ಲೆಕ್ಕ ತಪ್ಪಿತು, ಒಮ್ಮೆ ಸತ್ತ ಕ್ಯಾಪ್ಟನ್ ಇನ್ನೊಮ್ಮೆ ಎದ್ದು ಬಂದ. ಡೆನಿಸ್ ಕಣ್ಣು ಮುಚ್ಚಿ ಕೇಳುತ್ತಿದ್ದ. ಹೊನ್ನಾವರದ ಹೆಸರು ಬಂದಾಗ ಮಾತ್ರ ಕಣ್ಣು ಬಿಟ್ಟು ಹುಬ್ಬೇರಿಸಿ ನನ್ನನ್ನು ನೋಡಿದ. ಅಷ್ಟು ದೊಡ್ಡ ಹಡಗು ಹೊಳೆಯ ಬಾಯಿಯೊಳಗೆ ಹೇಗೆ ಹೋಯಿತು ಎಂಬ ಪ್ರಶ್ನೆ ಅವನ ಇಡೀ ಮುಖದ ಮೇಲಿತ್ತು. ಕೇಳಲು ದನಿ ಇರಲಿಲ್ಲ. ನಾನು ಹುಲ್ಲು ನೋಡುತ್ತಾ ನಿಂತೆ.

ನೋರಾ ನಾವಿಕರಿಗೆ ಮೀನು ಸಾರು ತಿನ್ನಿಸಿದಳು, ಹಗ್ಗಕ್ಕೆ ಹೂ ಕಟ್ಟಿಸಿದಳು. ಕೊನೆಗೆ ಮಳೆಯನ್ನೂ ನಿಲ್ಲಿಸಿದಳು. ನಾನು ಹೇಳಿಕೊಟ್ಟದ್ದಲ್ಲ, ತಾನೇ ನಿಲ್ಲಿಸಿದಳು. ಆಕಾಶ ತೆರೆಯಿತು, ಲಂಗರು ಎತ್ತಿದರು, ಹಾಯಿಗಳು ತುಂಬಿಕೊಂಡವು. ಡೆನಿಸ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

ಅಲ್ಲಿಗೆ ಅವಳು ಮಾತು ನಿಲ್ಲಿಸಿದಳು. ಅವನ ತೊಡೆಯ ಮೇಲಿದ್ದ ತುಂಬಿದ ಬಟ್ಟಲಿನ ಕಡೆ ಗಾಜಿನಾಚೆಯಿಂದ ಬೆರಳು ತೋರಿಸಿದಳು.

"ಮೊದಲು ಅದನ್ನ ತಿನ್ನು" ಎಂದಳು. "ನೀನು ತಿಂದರೇ ಹಡಗು ಹೊರಡೋದು."